ಕತ್ತರಿ ಯಾರ ಕೈಯಲ್ಲಿ? ವೀಡಿಯೊ ಬಾಡಿಗೆ ಅಂಗಡಿ, ಸೆನ್ಸಾರ್ ಮತ್ತು ಅಪರಾಧ ಚಿತ್ರಗಳ ಹಿಂಸೆ

ಘಟಕದ ಉದ್ದೇಶಗಳು

ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಭಾಷೆ ಮತ್ತು ಸಮಾಜ ವಿಜ್ಞಾನವನ್ನು ಬೋಧಿಸುವ ಶಿಕ್ಷಕರಿಗಾಗಿ ಈ ಘಟಕವನ್ನು ರೂಪಿಸಲಾಗಿದೆ. ಘಟಕದ ಅಧ್ಯಯನದ ಬಳಿಕ ವಿದ್ಯಾರ್ಥಿಗಳು:

(ಅ) ನಿಷೇಧ, ವರ್ಗೀಕರಣ ಮತ್ತು ವ್ಯಾಪಾರದ ನಿರಾಕರಣೆ ಎಂಬ ಮೂರಕ್ಕಿರುವ ಭೇದವನ್ನು ಉದಾಹರಣೆ ಸಹಿತ ವಿವರಿಸಬಲ್ಲವರಾಗಬೇಕು.

(ಆ) ಹಿಂಸೆಯ ಚಿತ್ರಣ ಮತ್ತು ಹಿಂಸೆಯ ವೈಭವೀಕರಣ ಒಂದೇ ಅಲ್ಲ ಎಂಬುದನ್ನು ಗುರುತಿಸಬಲ್ಲವರಾಗಬೇಕು.

(ಇ) ತಾವು ನೋಡುವ ದೃಶ್ಯಗಳ ಕುರಿತು ಮಾತೃಭಾಷೆಯಲ್ಲಿ ಕಾರಣ ಸಹಿತ ಅಭಿಪ್ರಾಯವನ್ನು ಮಂಡಿಸಬಲ್ಲವರಾಗಬೇಕು.

ಶಿಕ್ಷಕರ ಗಮನಕ್ಕೆ: ಇಲ್ಲಿ ಹೆಸರಿಸಿರುವ ಚಿತ್ರಗಳು ವಯಸ್ಕರಿಗಾಗಿ ತಯಾರಾದವು. ಅವುಗಳನ್ನಾಗಲಿ ಅವುಗಳ ತುಣುಕುಗಳನ್ನಾಗಲಿ ತರಗತಿಯಲ್ಲಿ ತೋರಿಸತಕ್ಕದ್ದಲ್ಲ. ಅವುಗಳ ಸುತ್ತ ನಡೆದ ಸಾರ್ವಜನಿಕ ವಿವಾದವೇ ಈ ಪಾಠದ ವಸ್ತು.

1. ಪೀಠಿಕೆ

ಚಲನಚಿತ್ರವು ಬಹುಕಾಲ ಚಿತ್ರಮಂದಿರದ ಕತ್ತಲೆಯಲ್ಲಿ ಮಾತ್ರ ನೋಡಬಹುದಾದ ಕಲೆಯಾಗಿತ್ತು. ಬಾಗಿಲಲ್ಲಿ ಟಿಕೆಟ್ ಪರೀಕ್ಷಿಸುವವನು ಒಳಗೆ ಹೋಗುವವರ ವಯಸ್ಸನ್ನು ಅಂದಾಜು ಮಾಡಬಹುದಾಗಿತ್ತು. 1970ರ ದಶಕದ ಕೊನೆಯಲ್ಲಿ ವೀಡಿಯೊ ಕ್ಯಾಸೆಟ್ಟು ಮನೆಗಳನ್ನು ಪ್ರವೇಶಿಸಿದಾಗ ಈ ಬಾಗಿಲೇ ಇಲ್ಲವಾಯಿತು. ಅದೇ ಚಿತ್ರವನ್ನು ಮನೆಯ ಪಡಸಾಲೆಯಲ್ಲಿ, ಹಿರಿಯರಿಲ್ಲದ ಹೊತ್ತಿನಲ್ಲಿ, ಬೇಕಾದ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡುವುದು ಸಾಧ್ಯವಾಯಿತು. ಹೀಗಾಗಿ ಬಾಗಿಲು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆ ಹುಟ್ಟಿತು. ಸರಕಾರ, ಚಿತ್ರೋದ್ಯಮ, ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡುವ ಅಂಗಡಿ, ತಂದೆತಾಯಿ – ಇವರಲ್ಲಿ ಪ್ರತಿಯೊಬ್ಬರ ಪರವಾಗಿಯೂ ವಾದಗಳಿದ್ದವು. ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಚರ್ಚೆಗೊಳಗಾದುದು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಬ್ರಿಟನ್‌ಗಳಲ್ಲಿ. ಅಲ್ಲಿಯ ಅನುಭವವನ್ನು ಅರಿತರೆ ಇಂದಿನ ಮೊಬೈಲ್ ಪರದೆಯ ಪ್ರಶ್ನೆಗಳನ್ನೂ ಸ್ಪಷ್ಟವಾಗಿ ಕೇಳಲು ಬರುತ್ತದೆ.

2. ಸಂಹಿತೆಯಿಂದ ವರ್ಗೀಕರಣಕ್ಕೆ

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1915ರಲ್ಲಿ ಚಲನಚಿತ್ರವನ್ನು ಕೇವಲ ವ್ಯಾಪಾರವೆಂದು ಪರಿಗಣಿಸಿ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆಯನ್ನು ನಿರಾಕರಿಸಿತು. ಇದರಿಂದ ಅಲ್ಲಿಯ ರಾಜ್ಯಗಳೂ ನಗರಗಳೂ ತಮ್ಮ ತಮ್ಮ ಸೆನ್ಸಾರ್ ಮಂಡಳಿಗಳನ್ನು ನಡೆಸಲು ಅವಕಾಶವಾಯಿತು. ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಕತ್ತರಿಗೆ ಗುರಿಯಾಗುವ ಬದಲು ತಾನೇ ಕತ್ತರಿ ಹಿಡಿಯುವುದು ಲೇಸೆಂದು ಚಿತ್ರೋದ್ಯಮ ಭಾವಿಸಿತು. 1930ರಲ್ಲಿ ಉದ್ಯಮವು ಸ್ವತಃ ಒಂದು ನಿರ್ಮಾಣ ಸಂಹಿತೆಯನ್ನು ಅಂಗೀಕರಿಸಿತು. 1934ರಿಂದ ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲಾಯಿತು. ಪ್ರೇಕ್ಷಕರ ಸಹಾನುಭೂತಿ ಅಪರಾಧಿಯ ಕಡೆಗೆ ವಾಲಬಾರದು, ಅಪರಾಧ ಎಸಗುವ ವಿಧಾನವನ್ನು ಕಲಿಸಿಕೊಡುವಂತೆ ತೋರಿಸಬಾರದು ಎಂಬುವು ಅದರ ಮುಖ್ಯ ನಿಯಮಗಳಾಗಿದ್ದವು.

1952ರಲ್ಲಿ ಅದೇ ನ್ಯಾಯಾಲಯವು ತನ್ನ ಹಳೆಯ ನಿಲುವನ್ನು ಕೈಬಿಟ್ಟು, ಚಲನಚಿತ್ರವೂ ಅಭಿವ್ಯಕ್ತಿಯ ಮಾಧ್ಯಮವೆಂದು ಒಪ್ಪಿತು. ಸಂಹಿತೆ ಕ್ರಮೇಣ ಸಡಿಲವಾಯಿತು. 1967ರ 'ಬಾನಿ ಅಂಡ್ ಕ್ಲೈಡ್' ಚಿತ್ರವು ಬ್ಯಾಂಕು ದರೋಡೆಕೋರರ ಸಾವನ್ನು ಹಿಂದೆಂದೂ ಕಾಣದಷ್ಟು ರಕ್ತಮಯವಾಗಿ ತೋರಿಸಿತು. ಮರುವರ್ಷ, 1968ರ ನವೆಂಬರ್‌ನಲ್ಲಿ, ಸಂಹಿತೆಯ ಸ್ಥಾನಕ್ಕೆ ವರ್ಗೀಕರಣ ಬಂದಿತು. ಚಿತ್ರವನ್ನು ತಡೆಯುವ ಬದಲು ಅದು ಯಾವ ವಯಸ್ಸಿನವರಿಗೆ ತಕ್ಕುದೆಂದು ತಿಳಿಸುವುದು ಇದರ ತತ್ತ್ವ. 'ಆರ್' ಗುರುತಿನ ಚಿತ್ರಕ್ಕೆ ಕಿರಿಯರು ಹಿರಿಯರೊಡನೆ ಹೋಗಬಹುದು. 'ಎಕ್ಸ್' ಗುರುತಿನ ಚಿತ್ರಕ್ಕೆ ಕಿರಿಯರಿಗೆ ಪ್ರವೇಶವೇ ಇಲ್ಲ. 'ಎಕ್ಸ್' ಎಂಬ ಅಕ್ಷರವನ್ನು ಅಶ್ಲೀಲ ಚಿತ್ರಗಳವರು ತಾವಾಗಿಯೇ ಬಳಸತೊಡಗಿದ್ದರಿಂದ ಅದಕ್ಕೆ ಕಳಂಕ ತಗುಲಿತು. 1990ರಲ್ಲಿ ಅದರ ಸ್ಥಾನದಲ್ಲಿ 'ಎನ್‌ಸಿ-17' ಎಂಬ ಹೊಸ ಗುರುತು ಬಂದಿತು.

3. ಒಂದು ಹೆಸರು, ಎರಡು ಚಿತ್ರ

ಸಂಹಿತೆಯ ಕಾಲಕ್ಕೂ ವರ್ಗೀಕರಣದ ಕಾಲಕ್ಕೂ ಇರುವ ಅಂತರವನ್ನು ತಿಳಿಯಲು 'ಸ್ಕಾರ್‌ಫೇಸ್' ಎಂಬ ಹೆಸರಿನ ಎರಡು ಚಿತ್ರಗಳನ್ನು ಹೋಲಿಸಬಹುದು.

ಮೊದಲನೆಯದು 1932ರಲ್ಲಿ ತೆರೆಕಂಡಿತು. ನಿರ್ದೇಶಕರು ಹೋವರ್ಡ್ ಹಾಕ್ಸ್, ನಿರ್ಮಾಪಕರು ಹೋವರ್ಡ್ ಹ್ಯೂಸ್. ಷಿಕಾಗೋದ ಪಾತಕಿ ಅಲ್ ಕಪೋನ್‌ನ ಬದುಕಿನ ನೆರಳು ಕಥೆಯ ಮೇಲಿದೆ. ಚಿತ್ರವು ಪಾತಕಿಯನ್ನು ನಾಯಕನನ್ನಾಗಿ ಮೆರೆಸುತ್ತದೆಂಬ ಆಕ್ಷೇಪ ಬಂದುದರಿಂದ, ಹೆಸರಿಗೆ 'ರಾಷ್ಟ್ರದ ಲಜ್ಜೆ' ಎಂಬರ್ಥದ ಬಾಲವನ್ನು ಸೇರಿಸಲಾಯಿತು. ಆರಂಭದಲ್ಲಿ ಸರಕಾರವನ್ನೂ ನಾಗರಿಕರನ್ನೂ ಎಚ್ಚರಿಸುವ ಬರಹವೊಂದನ್ನು ಇಡಲಾಯಿತು. ಪಾತಕಿಯು ಪೊಲೀಸರ ಗುಂಡಿಗೆ ಬಲಿಯಾಗುವ ಅಂತ್ಯವೂ ಸಾಲದೆಂದು, ಅವನು ವಿಚಾರಣೆಗೆ ಒಳಗಾಗಿ ಗಲ್ಲಿಗೇರುವ ಬೇರೊಂದು ಅಂತ್ಯವನ್ನು ಚಿತ್ರೀಕರಿಸಲಾಯಿತು. ಆ ವೇಳೆಗೆ ನಾಯಕ ನಟ ಪಾಲ್ ಮುನಿ ಲಭ್ಯವಿರಲಿಲ್ಲ. ಆದುದರಿಂದ ಆ ದೃಶ್ಯಗಳಲ್ಲಿ ಅಪರಾಧಿಯ ಮುಖವೇ ಕಾಣುವುದಿಲ್ಲ. ಇಷ್ಟಾದರೂ ನ್ಯೂಯಾರ್ಕಿನ ಸೆನ್ಸಾರ್ ಮಂಡಳಿ ಆ ಆವೃತ್ತಿಯನ್ನೂ ಒಪ್ಪಲಿಲ್ಲ.

ಎರಡನೆಯದು 1983ರ ಚಿತ್ರ. ನಿರ್ದೇಶಕರು ಬ್ರಯಾನ್ ಡಿ ಪಾಲ್ಮಾ, ಚಿತ್ರಕಥೆ ಆಲಿವರ್ ಸ್ಟೋನ್ ಅವರದು, ನಾಯಕ ಆಲ್ ಪಚಿನೊ. ಕ್ಯೂಬಾದಿಂದ ಮಯಾಮಿಗೆ ಬಂದ ನಿರಾಶ್ರಿತನೊಬ್ಬ ಮಾದಕ ವಸ್ತುಗಳ ವ್ಯಾಪಾರದಲ್ಲಿ ಮೇಲೇರಿ ನಾಶವಾಗುವ ಕಥೆಯಿದು. ವರ್ಗೀಕರಣ ಮಂಡಳಿ ಹಿಂಸೆಯ ಕಾರಣದಿಂದ ಇದಕ್ಕೆ 'ಎಕ್ಸ್' ಗುರುತನ್ನು ಕೊಟ್ಟಿತು. ನಿರ್ದೇಶಕರು ಮತ್ತೆ ಮತ್ತೆ ಕತ್ತರಿಸಿ ಒಪ್ಪಿಸಿದರೂ ಗುರುತು ಬದಲಾಗಲಿಲ್ಲ. ಕೊನೆಗೆ ಮೇಲ್ಮನವಿಯಲ್ಲಿ 'ಆರ್' ದೊರೆಯಿತು. ಕತ್ತರಿಸಿದ ಆವೃತ್ತಿಯ ಬದಲಿಗೆ ತಾವು ಮೊದಲಿನ ಆವೃತ್ತಿಯನ್ನೇ ಬಿಡುಗಡೆ ಮಾಡಿದುದಾಗಿ ಡಿ ಪಾಲ್ಮಾ ಅನಂತರ ಹೇಳಿಕೊಂಡರು. ಮಂಡಳಿಯ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ವ್ಯತ್ಯಾಸವನ್ನು ಚಿತ್ರಮಂದಿರದಲ್ಲಿ ಯಾರೂ ಗುರುತಿಸಲಿಲ್ಲ.

ಈ ಎರಡು ಪ್ರಸಂಗಗಳಲ್ಲಿಯೂ ಒಂದು ಅಂಶ ಸಮಾನವಾಗಿದೆ. ಕತ್ತರಿಯ ಗಮನವೆಲ್ಲ ಬಿಡಿ ದೃಶ್ಯಗಳ ಮೇಲೆ ಅಥವಾ ಅಂತ್ಯದ ಮೇಲೆ ನೆಟ್ಟಿತ್ತು. ಆದರೆ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ಅಂತ್ಯವೊಂದೇ ಅಲ್ಲ. ಎರಡನೆಯ ಚಿತ್ರದ ನಾಯಕ ಕೊನೆಗೆ ಸಾಯುತ್ತಾನೆ. ಹಾಗಿದ್ದರೂ ಅವನ ಭಿತ್ತಿಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡ ಯುವಕರು ಮೆಚ್ಚಿದ್ದು ಅವನ ಐಶ್ವರ್ಯವನ್ನೂ ಠೀವಿಯನ್ನೂ. 'ಕೊನೆಯಲ್ಲಿ ಶಿಕ್ಷೆಯಾಯಿತಲ್ಲ' ಎಂಬ ಸಮಾಧಾನ ಎಷ್ಟರ ಮಟ್ಟಿಗೆ ಸಾಕು ಎಂಬುದನ್ನು ವಿದ್ಯಾರ್ಥಿಗಳು ಚರ್ಚಿಸುವುದು ಒಳ್ಳೆಯದು.

4. ಅಂಗಡಿಯ ಕತ್ತರಿ

ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ, ಕ್ಯಾಸೆಟ್ಟನ್ನು ಒಮ್ಮೆ ಹಣ ಕೊಟ್ಟು ಕೊಂಡವನು ನಿರ್ಮಾಪಕರ ಅನುಮತಿಯಿಲ್ಲದೆ ಅದನ್ನು ಬಾಡಿಗೆಗೆ ಕೊಡಬಹುದು. ಈ ಒಂದು ನಿಯಮದ ಬಲದಿಂದ ಸಾವಿರಾರು ಸಣ್ಣ ಅಂಗಡಿಗಳು ತಲೆಯೆತ್ತಿದವು. ಕಿಕ್ಕಿರಿದ ಕಪಾಟುಗಳ ಆ ಅಂಗಡಿಗಳಲ್ಲಿ ಎಲ್ಲ ಬಗೆಯ ಚಿತ್ರಗಳೂ ಸಿಗುತ್ತಿದ್ದವು. ಅಂತಹ ಒಂದು ಅಂಗಡಿಯಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನ 'ವೀಡಿಯೊ ಆರ್ಕೈವ್ಸ್'ನಲ್ಲಿ, ಗುಮಾಸ್ತನಾಗಿದ್ದ ಯುವಕನೇ ಮುಂದೆ ಅಪರಾಧ ಚಿತ್ರಗಳ ನಿರ್ದೇಶಕರಾಗಿ ಪ್ರಸಿದ್ಧರಾದ ಕ್ವೆಂಟಿನ್ ಟ್ಯಾರಂಟಿನೊ.

1985ರಲ್ಲಿ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ಆರಂಭವಾದ 'ಬ್ಲಾಕ್‌ಬಸ್ಟರ್' ಈ ವ್ಯಾಪಾರದ ರೂಪವನ್ನೇ ಬದಲಿಸಿತು. ವಿಶಾಲವಾದ, ಬೆಳಕು ತುಂಬಿದ ಮಳಿಗೆಗಳು, ಸಾವಿರಾರು ಕ್ಯಾಸೆಟ್ಟುಗಳು, ಗಣಕೀಕೃತ ಲೆಕ್ಕ, ಮಕ್ಕಳೊಡನೆ ನಿಸ್ಸಂಕೋಚವಾಗಿ ಬರಬಹುದಾದ ವಾತಾವರಣ – ಇವು ಅದರ ವೈಶಿಷ್ಟ್ಯ. 2004ರ ವೇಳೆಗೆ ಅದರ ಮಳಿಗೆಗಳ ಸಂಖ್ಯೆ ಸುಮಾರು 9,000ಕ್ಕೆ ಏರಿತ್ತು. ಕುಟುಂಬದ ಅಂಗಡಿ ಎಂಬ ಹೆಸರನ್ನು ಉಳಿಸಿಕೊಳ್ಳಲು ಅದು 'ಎಕ್ಸ್' ಚಿತ್ರಗಳನ್ನು ಇಡುತ್ತಿರಲಿಲ್ಲ. 1991ರಲ್ಲಿ 'ಎನ್‌ಸಿ-17' ಚಿತ್ರಗಳನ್ನೂ ಇಡುವುದಿಲ್ಲವೆಂದು ಘೋಷಿಸಿತು.

ಮೇಲುನೋಟಕ್ಕೆ ಇದರಲ್ಲಿ ತಪ್ಪು ಕಾಣದು. ಯಾವ ಸರಕನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದು ಅಂಗಡಿಯವನ ಇಚ್ಛೆ. ಬೇರೆ ಅಂಗಡಿಗೆ ಹೋಗಲು ಗಿರಾಕಿ ಸ್ವತಂತ್ರನು. ಆದರೆ 1980ರ ದಶಕದ ಕೊನೆಯ ವೇಳೆಗೆ ಅಮೆರಿಕದಲ್ಲಿ ಚಿತ್ರಮಂದಿರದ ಗಳಿಕೆಗಿಂತ ವೀಡಿಯೊದ ಗಳಿಕೆಯೇ ಹೆಚ್ಚಾಗಿತ್ತು. ದೊಡ್ಡ ಸರಪಳಿಯ ಕಪಾಟಿನಲ್ಲಿ ಸ್ಥಳವಿಲ್ಲವೆಂದರೆ ಚಿತ್ರದ ಆದಾಯದ ದೊಡ್ಡ ಭಾಗಕ್ಕೆ ಕಲ್ಲು ಬಿದ್ದಂತೆಯೇ. ಆದುದರಿಂದ ಅನೇಕ ನಿರ್ಮಾಪಕರು 'ಆರ್' ಗುರುತನ್ನು ಮೀರದ ಚಿತ್ರವನ್ನೇ ಒಪ್ಪಿಸಬೇಕೆಂದು ನಿರ್ದೇಶಕರೊಡನೆ ಮೊದಲೇ ಒಪ್ಪಂದ ಮಾಡಿಕೊಳ್ಳತೊಡಗಿದರು. ಕತ್ತರಿಯು ಅಂಗಡಿಯಿಂದ ಚಿತ್ರೀಕರಣದ ಸ್ಥಳಕ್ಕೇ ಬಂದು ತಲುಪಿತು.

ಇದಕ್ಕೆ ಒಂದು ನಿದರ್ಶನ ಏಬಲ್ ಫೆರಾರಾ ಅವರ 1992ರ 'ಬ್ಯಾಡ್ ಲೆಫ್ಟಿನೆಂಟ್'. ವ್ಯಸನಗಳಲ್ಲಿ ಮುಳುಗಿದ ಪೊಲೀಸ್ ಅಧಿಕಾರಿಯೊಬ್ಬನ ಅಧಃಪತನವನ್ನೂ ಪಾಪಪ್ರಜ್ಞೆಯನ್ನೂ ಕುರಿತ ಈ ಚಿತ್ರಕ್ಕೆ 'ಎನ್‌ಸಿ-17' ಗುರುತು ದೊರೆಯಿತು. ಬಾಡಿಗೆ ಸರಪಳಿಗಳಿಗಾಗಿಯೇ 'ಆರ್' ಗುರುತಿನ ಕತ್ತರಿಸಿದ ಆವೃತ್ತಿಯೊಂದನ್ನು ಸಿದ್ಧಪಡಿಸಬೇಕಾಯಿತು. ಅಮೆರಿಕದಲ್ಲಿ ಯಾವ ನ್ಯಾಯಾಲಯವೂ ಯಾವ ಸರಕಾರವೂ ಈ ಚಿತ್ರವನ್ನು ನಿಷೇಧಿಸಿರಲಿಲ್ಲ. ಹಾಗಿದ್ದರೂ, ದೊಡ್ಡ ಸರಪಳಿಯೊಂದೇ ಇದ್ದ ಊರಿನ ವಯಸ್ಕ ಪ್ರೇಕ್ಷಕನಿಗೆ ಮೂಲ ಚಿತ್ರ ದೊರೆಯುವಂತಿರಲಿಲ್ಲ.

ಬೋಧನಾ ಸೂಚನೆ: ನಿಷೇಧ ಮತ್ತು ನಿರಾಕರಣೆಗಳ ನಡುವಣ ಗೆರೆ ಇಲ್ಲಿ ಮಸುಕಾಗುತ್ತದೆ. ಸರಕಾರದ ನಿಷೇಧವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಅಂಗಡಿಯ ನಿರಾಕರಣೆಯನ್ನು ಎಲ್ಲಿ ಪ್ರಶ್ನಿಸುವುದು? ಊರಿನಲ್ಲಿ ಒಂದೇ ಪುಸ್ತಕದಂಗಡಿಯಿದ್ದು, ಅದರ ಮಾಲೀಕರು ಕನ್ನಡ ಪುಸ್ತಕಗಳನ್ನು ತರಿಸುವುದಿಲ್ಲವೆಂದರೆ ಪರಿಣಾಮವೇನು ಎಂದು ಕೇಳಿದರೆ ಗಡಿನಾಡಿನ ವಿದ್ಯಾರ್ಥಿಗಳಿಗೆ ವಿಷಯ ಸುಲಭವಾಗಿ ಮನದಟ್ಟಾಗುವುದು.

5. ಕತ್ತರಿಸಿ ಕೊಡುವ ಅಂಗಡಿ

ಯೂಟಾ ರಾಜ್ಯದಲ್ಲಿ ಹುಟ್ಟಿದ 'ಕ್ಲೀನ್‌ಫ್ಲಿಕ್ಸ್' ಎಂಬ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಚಿತ್ರಗಳ ಡಿವಿಡಿಗಳನ್ನು ಕೊಂಡು, ಹಿಂಸೆ, ನಗ್ನತೆ, ಬೈಗುಳಗಳನ್ನು ತೆಗೆದುಹಾಕಿದ ಪ್ರತಿಗಳನ್ನು ತಾನೇ ತಯಾರಿಸಿ ಬಾಡಿಗೆಗೂ ಮಾರಾಟಕ್ಕೂ ಕೊಡುತ್ತಿತ್ತು. ಕತ್ತರಿಸಿದ ಪ್ರತಿಯೊಂದು ಪ್ರತಿಗೂ ಒಂದು ಮೂಲ ಪ್ರತಿಯನ್ನು ಹಣ ಕೊಟ್ಟು ಕೊಂಡಿರುವುದರಿಂದ ಯಾರಿಗೂ ನಷ್ಟವಿಲ್ಲವೆಂಬುದು ಅದರ ವಾದ. ಸ್ಟೀವನ್ ಸ್ಪೀಲ್‌ಬರ್ಗ್, ಮಾರ್ಟಿನ್ ಸ್ಕೋರ್ಸೇಸಿ, ಸ್ಟೀವನ್ ಸೋಡರ್‌ಬರ್ಗ್ ಮೊದಲಾದ ನಿರ್ದೇಶಕರೂ ದೊಡ್ಡ ಚಿತ್ರಸಂಸ್ಥೆಗಳೂ ಇದನ್ನು ವಿರೋಧಿಸಿದವು. 2006ರ ಜುಲೈಯಲ್ಲಿ ಕೊಲರಾಡೊದ ಸಂಯುಕ್ತ ಜಿಲ್ಲಾ ನ್ಯಾಯಾಲಯವು ಇದು ಹಕ್ಕುಸ್ವಾಮ್ಯದ ಉಲ್ಲಂಘನೆಯೆಂದು ತೀರ್ಪಿತ್ತಿತು.

ಇದಕ್ಕೆ ಮುನ್ನ, 2005ರಲ್ಲಿ, ಅಮೆರಿಕದ ಸಂಸತ್ತು ಬೇರೊಂದು ದಾರಿಯನ್ನು ತೆರೆದಿತ್ತು. ಹೊಸ ಪ್ರತಿಯನ್ನು ಮಾಡದೆ, ಮನೆಯಲ್ಲಿ ನೋಡುವಾಗ ಮಾತ್ರ ಕೆಲವು ದೃಶ್ಯಗಳನ್ನು ಹಾರಿಸಿ ಮುಂದುವರಿಯುವ ಯಂತ್ರಗಳಿಗೆ ಕಾನೂನು ಒಪ್ಪಿಗೆ ನೀಡಿತು. ಹೀಗೆ ಮನೆಯವರು ತಮಗಾಗಿ ಬಿಟ್ಟು ನೋಡಬಹುದು, ಆದರೆ ಬೇರೆಯವರ ಕೃತಿಯನ್ನು ಕತ್ತರಿಸಿ ಅದೇ ಹೆಸರಿನಲ್ಲಿ ಮಾರುವಂತಿಲ್ಲ ಎಂಬ ಭೇದ ಅಲ್ಲಿ ನೆಲೆಗೊಂಡಿತು. ಗ್ರಂಥದ ಒಂದು ಅಧ್ಯಾಯವನ್ನು ಓದದೆ ಬಿಡುವುದಕ್ಕೂ, ಆ ಅಧ್ಯಾಯವನ್ನೇ ಕಿತ್ತು ಕವಿಯ ಹೆಸರಿನಲ್ಲಿ ಮರುಮುದ್ರಿಸುವುದಕ್ಕೂ ಇರುವ ಅಂತರವಿದು.

6. ಸರಕಾರದ ಕತ್ತರಿ

ಅಮೆರಿಕದ ಮಿಸ್ಸೂರಿ ರಾಜ್ಯವು 1989ರಲ್ಲಿ ಹಿಂಸಾತ್ಮಕ ವೀಡಿಯೊಗಳನ್ನು 17 ವರ್ಷದೊಳಗಿನವರಿಗೆ ಬಾಡಿಗೆಗೆ ಕೊಡಕೂಡದೆಂದೂ, ಅವುಗಳನ್ನು ಅಂಗಡಿಯಲ್ಲಿ ಪ್ರತ್ಯೇಕವಾಗಿ ಇಡಬೇಕೆಂದೂ ಶಾಸನ ಮಾಡಿತು. ವೀಡಿಯೊ ವ್ಯಾಪಾರಿಗಳ ಸಂಘ ಇದನ್ನು ಪ್ರಶ್ನಿಸಿತು. ಹಿಂಸೆಯೆಂದರೆ ಏನೆಂಬುದನ್ನು ಶಾಸನ ಸ್ಪಷ್ಟಪಡಿಸಿಲ್ಲ ಎಂಬುದು ಮುಖ್ಯ ಆಕ್ಷೇಪ. ಯುದ್ಧದ ಚಿತ್ರ, ವ್ಯಂಗ್ಯಚಿತ್ರದ ಬೆಕ್ಕು ಇಲಿಗಳ ಹೊಡೆದಾಟ, ಪಾತಕಿಯ ಕ್ರೌರ್ಯ – ಇವೆಲ್ಲವೂ ಒಂದೇ ಆದಾವೇ? 1992ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ಶಾಸನವನ್ನು ಅಸಿಂಧುಗೊಳಿಸಿತು. ಹಿಂಸಾತ್ಮಕ ವೀಡಿಯೊ ಆಟಗಳನ್ನು ಕಿರಿಯರಿಗೆ ಮಾರುವುದನ್ನು ತಡೆಯುವ ಕ್ಯಾಲಿಫೋರ್ನಿಯಾದ ಶಾಸನವೂ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಆಟಕ್ಕೂ ಮಕ್ಕಳ ಆಕ್ರಮಣಶೀಲತೆಗೂ ಒಂದು ಬಗೆಯ ಸಂಬಂಧವನ್ನು ಅಧ್ಯಯನಗಳು ತೋರಿಸಬಹುದು, ಆದರೆ ಒಂದು ಮತ್ತೊಂದಕ್ಕೆ ಕಾರಣವೆಂಬುದನ್ನು ಅವು ಸಾಬೀತುಪಡಿಸಿಲ್ಲ ಎಂಬುದು ಬಹುಮತದ ಅಭಿಪ್ರಾಯ. ಆ ನ್ಯಾಯಪೀಠದಲ್ಲಿಯೇ ಭಿನ್ನಮತವೂ ಇತ್ತೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು.

ಬ್ರಿಟನ್ ಇದಕ್ಕೆ ವಿರುದ್ಧವಾದ ಹಾದಿಯನ್ನು ಹಿಡಿಯಿತು. ಅಲ್ಲಿ ಚಿತ್ರಮಂದಿರದ ಚಿತ್ರಗಳಿಗೆ ಪ್ರಮಾಣಪತ್ರವಿದ್ದರೂ ವೀಡಿಯೊಗಳಿಗೆ ಅದರ ಅಗತ್ಯವಿರಲಿಲ್ಲ. ಕಡಿಮೆ ಖರ್ಚಿನ ಭೀಕರ ಚಿತ್ರಗಳು ಅಂಗಡಿಗಳನ್ನು ತುಂಬಿದಾಗ ಪತ್ರಿಕೆಗಳು ಅವನ್ನು 'ವೀಡಿಯೊ ನ್ಯಾಸ್ಟೀಸ್' ಎಂದು ಕರೆದು ಆಂದೋಲನ ನಡೆಸಿದವು. ಪೊಲೀಸರು ಅಂಗಡಿಗಳಿಂದ ಕ್ಯಾಸೆಟ್ಟುಗಳನ್ನು ವಶಪಡಿಸಿಕೊಂಡರು. ಯಾವ ಕ್ಯಾಸೆಟ್ಟು ಇಟ್ಟರೆ ಅಪರಾಧ, ಯಾವುದು ಅಲ್ಲ ಎಂಬುದು ಅಂಗಡಿಯವರಿಗೆ ತಿಳಿಯದ ಸ್ಥಿತಿ ಉಂಟಾಯಿತು. 1984ರ ವೀಡಿಯೊ ರೆಕಾರ್ಡಿಂಗ್ಸ್ ಶಾಸನವು ಬಹುತೇಕ ಎಲ್ಲ ಚಿತ್ರಗಳ ವೀಡಿಯೊಗಳಿಗೂ ವರ್ಗೀಕರಣವನ್ನು ಕಡ್ಡಾಯಗೊಳಿಸಿತು. ವಯಸ್ಸಿನ ಮಿತಿಯನ್ನು ಮೀರಿ ಬಾಡಿಗೆಗೆ ಕೊಟ್ಟ ಅಂಗಡಿಯವನು ದಂಡನೆಗೆ ಗುರಿಯಾಗುತ್ತಿದ್ದನು. ಈ ಶಾಸನವನ್ನು ನಿಯಮದಂತೆ ಯುರೋಪಿಯನ್ ಆಯೋಗಕ್ಕೆ ತಿಳಿಸಿರಲಿಲ್ಲವೆಂಬುದು 25 ವರ್ಷಗಳ ಬಳಿಕ, 2009ರಲ್ಲಿ, ಬೆಳಕಿಗೆ ಬಂದಿತು. ಮರುವರ್ಷ ಅದನ್ನು ಮತ್ತೆ ಜಾರಿಗೊಳಿಸಬೇಕಾಯಿತು.

7. ತೋರಿಸದ ಹಿಂಸೆ

ಟ್ಯಾರಂಟಿನೊ ಅವರ ಮೊದಲ ಪ್ರಸಿದ್ಧ ಚಿತ್ರ 'ರಿಸರ್ವಾಯರ್ ಡಾಗ್ಸ್' 1992ರದು. ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ ಇದು ಪ್ರದರ್ಶಿತವಾದರೂ ಅದರ ವೀಡಿಯೊಗೆ 1995ರವರೆಗೆ ಪ್ರಮಾಣಪತ್ರ ದೊರೆಯಲಿಲ್ಲ. ಇದರಲ್ಲಿ ಬಂಧಿತ ಪೊಲೀಸನೊಬ್ಬನನ್ನು ಹಿಂಸಿಸುವ ಪ್ರಸಂಗವೊಂದಿದೆ. ಕ್ರೌರ್ಯದ ಆ ಕ್ಷಣದಲ್ಲಿ ಕ್ಯಾಮರಾ ಪಕ್ಕಕ್ಕೆ ಹೊರಳುತ್ತದೆ. ಕೇಳುವುದು ದನಿ ಮಾತ್ರ. ಆದರೂ ಚಿತ್ರವನ್ನು ನೋಡಿದವರು ಅತ್ಯಂತ ಅಸಹನೀಯವೆಂದು ನೆನೆಯುವುದು ಈ ತೋರಿಸದ ದೃಶ್ಯವನ್ನೇ. ಇನ್ನೊಂದು ಕಡೆ, ನಾಯಕನು ಇಪ್ಪತ್ತು ಮಂದಿಯನ್ನು ಹೊಡೆದುರುಳಿಸಿದರೂ ಒಂದು ಹನಿ ರಕ್ತವನ್ನೂ, ಒಬ್ಬರ ನೋವನ್ನೂ ತೋರಿಸದ ಸಾಹಸ ಚಿತ್ರಗಳು ಎಲ್ಲ ವಯಸ್ಸಿನವರ ಗುರುತನ್ನು ಸುಲಭವಾಗಿ ಪಡೆಯುತ್ತವೆ. ಇವೆರಡರಲ್ಲಿ ಮಗುವಿಗೆ ಹಿಂಸೆಯ ಬೆಲೆಯನ್ನು ತಿಳಿಸುವುದು ಯಾವುದು, ಹಿಂಸೆಯನ್ನು ಆಟವೆನಿಸುವುದು ಯಾವುದು? ಕತ್ತರಿಯು ರಕ್ತವನ್ನು ಅಳೆಯಬಲ್ಲದು. ಧೋರಣೆಯನ್ನು ಅಳೆಯುವುದು ಅದಕ್ಕೆ ಕಷ್ಟ.

ಕನ್ನಡ ಶಿಕ್ಷಕರಿಗೆ ಈ ಪ್ರಶ್ನೆ ಹೊಸದಲ್ಲ. ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಡುವುದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಸಂಕಲ್ಪ ಹಿಂಸೆಯ ಫಲವನ್ನು ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಅನುಭವಿಸುತ್ತಾರೆ. ಕೊಂದದ್ದು ಬೊಂಬೆಯೇ ಆದರೂ ಕೊಲ್ಲುವ ಮನಸ್ಸು ನಿಜ ಎಂಬುದು ಕಾವ್ಯದ ತಿರುಳು. ತೆರೆಯ ಮೇಲಿನ ಹಿಂಸೆಯೂ ಒಂದು ಬಗೆಯ ಹಿಟ್ಟಿನ ಕೋಳಿ. ಆದರೆ ಹಿಂಸೆಯನ್ನು ಚಿತ್ರಿಸಿದ ಜನ್ನನನ್ನು ಯಾರೂ ಹಿಂಸಾಪ್ರೇಮಿ ಎನ್ನುವುದಿಲ್ಲ. ನೋಡುವವನ ಮನಸ್ಸು ಕತ್ತಿಯೊಡನೆ ಸೇರುತ್ತದೆಯೋ ಗಾಯದೊಡನೆ ಸೇರುತ್ತದೆಯೋ ಎಂಬುದನ್ನು ಕೃತಿಯೇ ರೂಪಿಸುತ್ತದೆ. ಈ ಒಂದು ಮಾನದಂಡವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಪಾಠದ ಅರ್ಧ ಕಾರ್ಯ ನೆರವೇರಿದಂತೆ.

8. ಭಾರತದ ವ್ಯವಸ್ಥೆ

ಭಾರತದಲ್ಲಿ 1952ರ ಚಲನಚಿತ್ರ ಅಧಿನಿಯಮದಂತೆ ಸಾರ್ವಜನಿಕ ಪ್ರದರ್ಶನಕ್ಕೆ ಮುನ್ನ ಕೇಂದ್ರೀಯ ಮಂಡಳಿಯ ಪ್ರಮಾಣಪತ್ರ ಅವಶ್ಯ. ಮಲಯಾಳಂ, ತಮಿಳು, ತೆಲುಗು, ಮರಾಠಿ, ಕನ್ನಡ – ಯಾವ ಭಾಷೆಯ ಚಿತ್ರಕ್ಕಾದರೂ ಅದೇ ಅಧಿನಿಯಮ, ಅದೇ ಮಂಡಳಿ. ಪೂರ್ವ ಪರಿಶೀಲನೆ ಸಂವಿಧಾನಬದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1970ರಲ್ಲಿ ಕೆ.ಎ. ಅಬ್ಬಾಸ್ ಅವರ ಪ್ರಕರಣದಲ್ಲಿ ತೀರ್ಪಿತ್ತಿತು. 1991ರ ಮಾರ್ಗಸೂಚಿಗಳು ಹಿಂಸೆಯ ವೈಭವೀಕರಣವನ್ನೂ, ಅಪರಾಧದ ವಿಧಾನವನ್ನು ಕಲಿಸಿಕೊಡುವ ಚಿತ್ರಣವನ್ನೂ ತಡೆಯುವಂತೆ ಹೇಳುತ್ತವೆ. ಜೊತೆಗೆ ಚಿತ್ರವನ್ನು ಬಿಡಿ ದೃಶ್ಯಗಳಿಂದಲ್ಲ, ಒಟ್ಟು ಪರಿಣಾಮದಿಂದ ಅಳೆಯಬೇಕೆಂದೂ ವಿಧಿಸುತ್ತವೆ.

ಈ ಇತಿಹಾಸದಲ್ಲಿ ಕನ್ನಡ ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪ ಅವರ ಹೆಸರು ಸ್ಮರಣೀಯ. ಮೇಲ್ಮನವಿ ನ್ಯಾಯಮಂಡಳಿಯ ನಿರ್ಧಾರವನ್ನು ಕೇಂದ್ರ ಸರಕಾರ ಮತ್ತೆ ಬದಲಿಸಬಹುದೆಂಬ ಅಧಿಕಾರವನ್ನು ಅವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿ ಗೆದ್ದರು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು.

ಭಾರತದಲ್ಲಿ 1983ರಿಂದ 'ಯು' ಮತ್ತು 'ಎ' ಗುರುತುಗಳ ನಡುವೆ 'ಯುಎ' ಎಂಬ ಗುರುತು ಇದೆ. 2023ರ ತಿದ್ದುಪಡಿಯು ಅದನ್ನು 7, 13 ಮತ್ತು 16 ವರ್ಷಗಳ ಮೂರು ಹಂತಗಳಾಗಿ ವಿಂಗಡಿಸಿದೆ. ಹಿರಿಯರ ಮಾರ್ಗದರ್ಶನ ಬೇಕೆಂದು ಈ ಗುರುತುಗಳು ಸೂಚಿಸುತ್ತವೆ. ಮಾರ್ಗದರ್ಶನವನ್ನು ನೀಡುವ ಕೆಲಸ ಮನೆಗೂ ಶಾಲೆಗೂ ಸೇರಿದ್ದು. ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಇಂದು ಅಂಗಡಿಯ ಕೌಂಟರಿನಲ್ಲಿ ವಯಸ್ಸು ಕೇಳುವ ಗುಮಾಸ್ತನೂ ಇಲ್ಲ.

9. ತರಗತಿಯ ಚಟುವಟಿಕೆಗಳು

ಚಟುವಟಿಕೆ 1 (ಪಾತ್ರಾಭಿನಯ): ಒಂದು ಊರಿನ ವೀಡಿಯೊ ಅಂಗಡಿಯಲ್ಲಿ ಅಪರಾಧ ಚಿತ್ರವೊಂದನ್ನು ಇಡಬೇಕೇ ಬೇಡವೇ ಎಂಬ ಸಭೆ. ಅಂಗಡಿಯವರು, ನಿರ್ದೇಶಕರು, ತಾಯಿ, ಅಧಿಕಾರಿ, 15 ವರ್ಷದ ವಿದ್ಯಾರ್ಥಿ – ಈ ಐದು ಪಾತ್ರಗಳನ್ನು ಹಂಚಬೇಕು. ಪ್ರತಿಯೊಬ್ಬರೂ ತಮ್ಮ ನಿಲುವಿಗೆ ಎರಡು ಕಾರಣಗಳನ್ನು ಕೊಡಬೇಕು. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿ ಎದುರು ಪಕ್ಷವನ್ನು ವಾದಿಸಬೇಕು.

ಚಟುವಟಿಕೆ 2 (ಬರವಣಿಗೆ): ಜಾತ್ರೆಯಲ್ಲಿ ನಡೆದ ಹೊಡೆದಾಟವೊಂದನ್ನು ಮೂರು ಬಗೆಯಾಗಿ ಬರೆಯಬೇಕು: ಪತ್ರಿಕೆಯ ವರದಿಯಾಗಿ, ಹೊಡೆದವನ ಜಂಬದ ಮಾತಾಗಿ, ಗಾಯಗೊಂಡವನ ತಾಯಿಯ ಮಾತಾಗಿ. ಘಟನೆ ಒಂದೇ ಆದರೂ ಓದುಗನ ಒಲವು ಹೇಗೆ ಬದಲಾಗುತ್ತದೆಂಬುದನ್ನು ತರಗತಿ ಗುರುತಿಸಬೇಕು.

ಚಟುವಟಿಕೆ 3 (ಪದಸಂಗ್ರಹ): ಪ್ರಮಾಣಪತ್ರ, ವರ್ಗೀಕರಣ, ನಿಷೇಧ, ಹಕ್ಕುಸ್ವಾಮ್ಯ, ವೈಭವೀಕರಣ ಎಂಬ ಪದಗಳಿಗೆ ವಿದ್ಯಾರ್ಥಿಗಳು ತಮ್ಮದೇ ವಾಕ್ಯಗಳಲ್ಲಿ ಅರ್ಥ ಬರೆಯಬೇಕು, ರಾಜ್ಯಭಾಷೆಯಲ್ಲಿ ಬಳಕೆಯಲ್ಲಿರುವ ಸಮಾನ ಪದಗಳನ್ನು ಪಕ್ಕದಲ್ಲಿ ಗುರುತಿಸಬೇಕು.

ಶಿಕ್ಷಕರಿಗೆ ಎಚ್ಚರಿಕೆ: ಚರ್ಚೆಯ ನಡುವೆ ಮಗುವೊಂದು ತಾನು ನೋಡಬಾರದ ದೃಶ್ಯವನ್ನು ನೋಡಿರುವುದಾಗಿ ಹೇಳಬಹುದು. ಆಗ ಗದರಿಸುವುದು, ತರಗತಿಯ ಎದುರು ವಿಚಾರಿಸುವುದು ಸಲ್ಲದು. ಗದರಿಕೆಯಿಂದ ನೋಡುವುದು ನಿಲ್ಲದು. ಹೇಳುವುದು ಮಾತ್ರ ನಿಲ್ಲುತ್ತದೆ. ಭಯ, ನಿದ್ರಾಭಂಗ, ಅನುಕರಣೆಯ ಲಕ್ಷಣಗಳು ಕಂಡುಬಂದರೆ ಮಗುವಿನೊಡನೆ ಏಕಾಂತದಲ್ಲಿ ಮಾತನಾಡಿ, ಪೋಷಕರೊಡನೆ ಸಮಾಲೋಚಿಸಬೇಕು.

10. ಮೌಲ್ಯಮಾಪನ ಪ್ರಶ್ನೆಗಳು

1. ಚಲನಚಿತ್ರ ಸಂಹಿತೆಗೂ ವರ್ಗೀಕರಣಕ್ಕೂ ಇರುವ ಮುಖ್ಯ ವ್ಯತ್ಯಾಸವೇನು?

2. 1932ರ 'ಸ್ಕಾರ್‌ಫೇಸ್' ಚಿತ್ರದಲ್ಲಿ ಮಾಡಿದ ಬದಲಾವಣೆಗಳು ಯಾವುವು? ಅವು ಉದ್ದೇಶವನ್ನು ಈಡೇರಿಸಿದವೇ?

3. ವ್ಯಾಪಾರಿಯ ನಿರಾಕರಣೆಯು ನಿಷೇಧಕ್ಕೆ ಸಮನಾಗುವುದು ಯಾವ ಸಂದರ್ಭದಲ್ಲಿ? ಉದಾಹರಣೆಯೊಡನೆ ವಿವರಿಸಿರಿ.

4. ಮಿಸ್ಸೂರಿ ಶಾಸನವು ಎದುರಿಸಿದ ಮುಖ್ಯ ಆಕ್ಷೇಪವೇನು? ಆ ಆಕ್ಷೇಪಕ್ಕೆ ಎಡೆಗೊಡದಂತೆ ಹಿಂಸೆಯನ್ನು ನಿರೂಪಿಸಲು ಪ್ರಯತ್ನಿಸಿರಿ.

5. 'ಯಶೋಧರ ಚರಿತೆ'ಯ ಹಿಟ್ಟಿನ ಕೋಳಿಯ ಪ್ರಸಂಗವನ್ನು ತೆರೆಯ ಮೇಲಿನ ಹಿಂಸೆಗೆ ಹೋಲಿಸಬಹುದೇ? ಹೋಲಿಕೆ ಎಲ್ಲಿ ಸರಿ, ಎಲ್ಲಿ ಸರಿಯಲ್ಲ?

6. ಮನೆಯಲ್ಲಿ ತಮ್ಮನಿಗೋ ತಂಗಿಗೋ ಯಾವ ಚಿತ್ರವನ್ನು ತೋರಿಸಬಹುದೆಂದು ನಿರ್ಧರಿಸಲು ನೀವು ಮಾಡಿಕೊಳ್ಳುವ ಮೂರು ನಿಯಮಗಳನ್ನು ಬರೆದು, ಪ್ರತಿಯೊಂದಕ್ಕೂ ಕಾರಣ ಕೊಡಿರಿ.

ಕೊನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ನಿಯಮಕ್ಕಿಂತ ಕಾರಣಕ್ಕೆ ಹೆಚ್ಚು ಅಂಕಗಳನ್ನು ಮೀಸಲಿಡುವುದು ಉಚಿತ. ಇನ್ನೊಬ್ಬರಿಗಾಗಿ ಯೋಚಿಸಿ ನಿಯಮ ಮಾಡುವ ವಿದ್ಯಾರ್ಥಿಯು ತನಗಾಗಿಯೂ ಯೋಚಿಸಲಾರಂಭಿಸುತ್ತಾನೆ ಎಂಬ ನಂಬಿಕೆಯ ಮೇಲೆ ಈ ಪ್ರಶ್ನೆಯನ್ನು ಕೊನೆಯಲ್ಲಿ ಇರಿಸಲಾಗಿದೆ.